ಎಳೆಯ ಶಿಶುಗಳ ಶ್ವಾಸರೋಗವೂ ಗೃಹಸ್ಥರ ಕರ್ತವ್ಯವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಕೂಡಿದ ಭಕ್ತಸಭೆಯಲ್ಲಿ ನಡೆದ ಉಪನ್ಯಾಸ)

 

ಮಠಗಳ ಮಹೋತ್ಸವಗಳಲ್ಲಿ ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳನ್ನು ಕುರಿತು ಉಪನ್ಯಾಸಗಳಾಗುವುದು ವಾಡಿಕೆ. ಇಂದಿನ ವಿಷಯವು ವರ್ಷ ತುಂಬದ ಕೂಸಿನ ಉಸಿರು. ಧರ್ಮಸಭೆಗೆ ಇದು ತಕ್ಕ ವಿಷಯವೇ ಎಂದು ಕೆಲವರಿಗೆ ಸಂದೇಹ ಬರಬಹುದು. ಪ್ರಾಣಲಿಂಗದ ವಿಚಾರವನ್ನು ಬಲ್ಲವರಲ್ಲಿ ಆ ಸಂದೇಹಕ್ಕೆ ಎಡೆಯಿಲ್ಲ. ಪ್ರಾಣವು ಮನುಷ್ಯರ ಕಣ್ಣಿಗೆ ಗೋಚರಿಸುವುದು ಉಸಿರಿನ ರೂಪದಿಂದಲೇ. ಲಿಂಗಧಾರಣೆಯನ್ನು ಪಡೆದ ಶಿಶುವಿನ ಉಸಿರು ಕಟ್ಟುವಾಗ ಮನೆಯವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಅರಿತಿರುವುದು ಸದಾಚಾರದ ಒಂದು ಭಾಗವೇ ಸರಿ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯೆನಿಸಿದುವು; 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ರೇಷ್ಮೆಗೂಡಿನ ಮಾರುಕಟ್ಟೆಯಿಂದ ರಾಮನಗರವೂ, ಅರಗಿನ ಬಣ್ಣದ ಬೊಂಬೆಗಳಿಂದ ಚನ್ನಪಟ್ಟಣವೂ ದೂರದೂರದವರೆಗೆ ಹೆಸರಾಗಿರುವುವು. ಮಾಗಡಿ ತಾಲ್ಲೂಕಿನ ವೀರಾಪುರವು 1907ರಲ್ಲಿ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಜನಿಸಿದ ಪುಣ್ಯಗ್ರಾಮ. ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಇತ್ತ ಆ ಮಹಾನುಭಾವರು ಹುಟ್ಟಿದ ಸೀಮೆಯಲ್ಲಿ ಶಿಶುಪಾಲನೆಯ ಮಾತನ್ನಾಡುವುದು ಉಚಿತವಾಗಿಯೇ ಇರುವುದು. ಈ ಸೀಮೆಯ ಇನ್ನೊಂದು ಲಕ್ಷಣವೂ ಇಂದಿನ ವಿಷಯಕ್ಕೆ ಸಂಬಂಧಿಸಿದುದು. ಪ್ರತಿನಿತ್ಯ ಬೆಳಗ್ಗೆ ಇಲ್ಲಿಂದ ಅಸಂಖ್ಯ ಜನರು ರೈಲಿನಲ್ಲಿಯೂ ಬಸ್ಸಿನಲ್ಲಿಯೂ ಬಿಡದಿಯ ಕಾರ್ಖಾನೆಗಳಿಗೂ ಬೆಂಗಳೂರು ಪಟ್ಟಣಕ್ಕೂ ದುಡಿಯಲು ಹೋಗಿ, ರಾತ್ರಿ ಮನೆಗೆ ಮರಳುವರು. ಪಟ್ಟಣದಲ್ಲಿ ಹಬ್ಬಿದ ನೆಗಡಿಯು ಹಳ್ಳಿಯ ತೊಟ್ಟಿಲನ್ನು ತಲುಪಲು ಒಂದು ದಿನವೂ ಬೇಕಾಗದು.

ಕೋವಿಡ್ ಎಂಬ ಮಹಾಮಾರಿಯನ್ನು ಇಲ್ಲಿ ಯಾರೂ ಮರೆತಿರಲಾರರು. 2020ನೆಯ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಅದನ್ನು ಜಗದ್ವ್ಯಾಪಿ ವ್ಯಾಧಿಯೆಂದು ಸಾರಿತು. ಅದೇ ತಿಂಗಳ 25ರಿಂದ ದೇಶದಲ್ಲೆಲ್ಲ ಬಾಗಿಲುಗಳು ಮುಚ್ಚಿದುವು. ಜಾತ್ರೆಗಳು ನಿಂತುವು, ಮದುವೆಗಳು ಹತ್ತಾರು ಮಂದಿಯ ಎದುರಿನಲ್ಲಿ ನಡೆದುವು, ಕರ್ಣಾಟಕದಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳು ಪಾಠಶಾಲೆಯನ್ನು ಮರಳಿ ಕಂಡದ್ದು 2021ರ ಅಕ್ಟೋಬರ್ ತಿಂಗಳ ಕೊನೆಗೆ. ಆ ಕಾಲದಲ್ಲಿ ಒಂದು ವಿಚಿತ್ರವು ಕಂಡುಬಂದಿತು. ಹಿರಿಯರನ್ನು ಕೋವಿಡ್ ಕಾಡುತ್ತಿದ್ದಾಗ, ಪ್ರತಿವರ್ಷ ಎಳೆಯ ಮಕ್ಕಳನ್ನು ಆಸ್ಪತ್ರೆಗೆ ಅಟ್ಟುತ್ತಿದ್ದ ಬೇರೆ ಶ್ವಾಸರೋಗಗಳು ಲೋಕದ ಅನೇಕ ದೇಶಗಳಲ್ಲಿ ಬಹುಮಟ್ಟಿಗೆ ಅಡಗಿಹೋದುವು. ಮುಖವಸ್ತ್ರ, ಕೈತೊಳೆಯುವ ಅಭ್ಯಾಸ, ಜನರು ಒಟ್ಟುಗೂಡದಿರುವಿಕೆ ಇವುಗಳಿಂದ ಆ ಸೋಂಕುಗಳಿಗೆ ದಾರಿಯೇ ಸಿಗದೆ ಹೋಯಿತು.

ಅಡಗಿದ್ದುದು ಅಳಿದಿರಲಿಲ್ಲ. ಬಾಗಿಲುಗಳು ತೆರೆದೊಡನೆಯೇ ಅದು ಹೊರಬಿದ್ದಿತು. ಆಸ್ಟ್ರೇಲಿಯಾದಲ್ಲಿ ಚಳಿಗಾಲದಲ್ಲಿ ಬರಬೇಕಾಗಿದ್ದ ಶಿಶುಗಳ ಶ್ವಾಸರೋಗವು 2020ರ ಕೊನೆಯ ಬೇಸಗೆಯಲ್ಲಿ ಬಂದಿತು. ಅಮೆರಿಕದಲ್ಲಿ 2021ರ ಬೇಸಗೆಯಲ್ಲಿ ಅದು ಅಕಾಲದಲ್ಲಿ ಎದ್ದಿತಲ್ಲದೆ, 2022ರ ಶರತ್ಕಾಲದಲ್ಲಿ ಮಕ್ಕಳ ಆಸ್ಪತ್ರೆಗಳಲ್ಲಿ ಹಾಸಿಗೆಗಳು ಸಾಲದಂತಾದುವು. ಭಾರತದಲ್ಲಿಯೇ 2023ರ ಆರಂಭದ ತಿಂಗಳುಗಳಲ್ಲಿ ಅಡಿನೋವೈರಸ್ ಎಂಬುದು ಪಶ್ಚಿಮ ಬಂಗಾಳದಲ್ಲಿ ಹಬ್ಬಿ, ಕೋಲ್ಕತ್ತೆಯ ಮಕ್ಕಳ ಆಸ್ಪತ್ರೆಗಳು ತುಂಬಿ, ಎಷ್ಟೋ ಕೂಸುಗಳು ತೀರಿಕೊಂಡುವು.

ಹೀಗಾದುದಕ್ಕೆ ಕಾರಣವೇನು? ಸಾಮಾನ್ಯ ಕಾಲದಲ್ಲಿ ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಈ ಸೋಂಕುಗಳನ್ನು ಒಮ್ಮೆಯಾದರೂ ಎದುರಿಸಿ, ಅಷ್ಟಿಷ್ಟು ಶಕ್ತಿಯನ್ನು ಗಳಿಸಿಕೊಂಡಿರುವುವು. ಬಾಗಿಲು ಮುಚ್ಚಿದ್ದ ಕಾಲದಲ್ಲಿ ಹುಟ್ಟಿದ ಕೂಸುಗಳಿಗೆ ಆ ಪರಿಚಯವೇ ಆಗಲಿಲ್ಲ. ಆದುದರಿಂದ ಎರಡು ಮೂರು ವರ್ಷಗಳ ಮಕ್ಕಳಿಗೆ ಮೊದಲ ಸೋಂಕು ಒಂದೇ ಕಾಲಕ್ಕೆ ತಗುಲಿತು. ಅವರಿಂದ ತೊಟ್ಟಿಲಲ್ಲಿದ್ದ ತಮ್ಮತಂಗಿಯರಿಗೂ ಹರಿಯಿತು. ಇನ್ನೊಂದು ಸಂಗತಿಯುಂಟು. ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯು ತನ್ನ ರಕ್ತದಲ್ಲಿರುವ ರೋಗನಿರೋಧಕ ಸತ್ತ್ವವನ್ನು ಮಗುವಿಗೆ ಎರೆಯುವಳು. ತಾಯಿಗೇ ಈ ಸೋಂಕುಗಳು ಬಹುದಿನ ತಗುಲದೆ ಇದ್ದರೆ ಅವಳ ಭಂಡಾರವೂ ಬರಿದಾಗುತ್ತ ಬರುವುದೆಂದು ವಿದ್ವಾಂಸರ ಅಭಿಪ್ರಾಯ.

ಈ ಸೋಂಕುಗಳಲ್ಲಿ ಮುಖ್ಯವಾದುದು ರೆಸ್ಪಿರೇಟರಿ ಸಿನ್ಸಿಷಿಯಲ್ ವೈರಸ್, ಸಂಕ್ಷೇಪವಾಗಿ ಆರ್.ಎಸ್.ವಿ. 1956ರಲ್ಲಿ ಅಮೆರಿಕದ ಒಂದು ಸಂಶೋಧನಾಲಯದ ಚಿಂಪಾಂಜಿಗಳಲ್ಲಿ ಇದು ಮೊದಲು ಕಂಡುಬಂದು, ಮರುವರ್ಷ ಬಾಲ್ಟಿಮೋರ್ ನಗರದ ರೋಗಿಷ್ಠ ಶಿಶುಗಳಲ್ಲಿಯೂ ಗುರುತಿಸಲ್ಪಟ್ಟಿತು. ದೊಡ್ಡವರಿಗೆ ಇದು ಸಾಮಾನ್ಯವಾಗಿ ಬರಿಯ ನೆಗಡಿ; ಎಳೆಗೂಸಿಗೆ ಮೃತ್ಯುಸಮಾನ. 2019ನೆಯ ಒಂದೇ ವರ್ಷದಲ್ಲಿ ಲೋಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು 3 ಕೋಟಿ 30 ಲಕ್ಷ ಸಲ ಇದರ ಬಾಧೆಯುಂಟಾಗಿ, ಸುಮಾರು 36 ಲಕ್ಷ ಸಲ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದು, ಒಂದು ಲಕ್ಷಕ್ಕೂ ಮಿಕ್ಕ ಮಕ್ಕಳು ಮರಣ ಹೊಂದಿದರೆಂದು ತಜ್ಞರು ಗಣಿಸಿರುವರು. ಆ ಮರಣಗಳಲ್ಲಿ 45 ಸಾವಿರಕ್ಕೆ ಮಿಕ್ಕವು ಆರು ತಿಂಗಳು ತುಂಬದ ಕೂಸುಗಳವು. ನೂರಕ್ಕೆ 97 ಮರಣಗಳು ಬಡ ಹಾಗೂ ಮಧ್ಯಮ ಸ್ಥಿತಿಯ ದೇಶಗಳಲ್ಲಿ ಆದುವು. ರೋಗವು ಎಲ್ಲ ದೇಶಗಳಲ್ಲಿಯೂ ಒಂದೇ. ಆಸ್ಪತ್ರೆಗೆ ತಲುಪುವ ಹೊತ್ತು ಮಾತ್ರ ಬೇರೆ ಬೇರೆ.

ಬೆಂಗಳೂರಿನ ಒಂದು ಪ್ರಕರಣವು ಎಲ್ಲರ ನೆನಪಿನಲ್ಲಿ ಇರಬಹುದು. 2025ನೆಯ ಜನವರಿ 6ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅಲ್ಲಿನ ಎರಡು ಶಿಶುಗಳಲ್ಲಿ ಹ್ಯೂಮನ್ ಮೆಟಾನ್ಯುಮೋ ವೈರಸ್ ಎಂಬ ಸೋಂಕನ್ನು ಗುರುತಿಸಿರುವುದಾಗಿ ಪ್ರಕಟವಾಯಿತು. ಒಂದು ಮೂರು ತಿಂಗಳ ಹೆಣ್ಣುಕೂಸು, ಮತ್ತೊಂದು ಎಂಟು ತಿಂಗಳ ಗಂಡುಕೂಸು. ಎರಡೂ ಬ್ರಾಂಕೋನ್ಯುಮೋನಿಯಾದಿಂದ ಬ್ಯಾಪ್ಟಿಸ್ಟ್ ಆಸ್ಪತ್ರೆಗೆ ಸೇರಿದ್ದುವು. ಪ್ರಕಟಣೆಯ ವೇಳೆಗೆ ಹೆಣ್ಣುಕೂಸು ಮನೆಗೆ ಮರಳಿತ್ತು, ಗಂಡುಕೂಸು ಚೇತರಿಸಿಕೊಳ್ಳುತ್ತಿತ್ತು. ಆದರೂ ಇನ್ನೊಂದು ಕೋವಿಡ್ ಬಂದಿತೆಂಬ ಭೀತಿಯು ನಾಡಿನಲ್ಲೆಲ್ಲ ಹಬ್ಬಿತು. ವಾಸ್ತವದಲ್ಲಿ ಆ ವೈರಸ್ಸು 2001ರಲ್ಲಿಯೇ ಹಾಲೆಂಡಿನಲ್ಲಿ ಕಂಡುಹಿಡಿಯಲ್ಪಟ್ಟುದು; ಅದಕ್ಕೂ ಹಿಂದಿನ ಹಲವು ದಶಕಗಳಿಂದ ಮನುಷ್ಯರಲ್ಲಿ ಸುಳಿದಾಡುತ್ತಿದ್ದುದು. ಕೆಲವು ವಾರಗಳಲ್ಲಿ ಭೀತಿಯು ಇಳಿಯಿತು. ಅದರೊಡನೆ ಎಚ್ಚರವೂ ಇಳಿದುದು ಶೋಚನೀಯ. ಹೊಸ ಹೆಸರನ್ನು ಕೇಳಿ ಹೆದರಿದವರು ಹಳೆಯ ಲಕ್ಷಣಗಳನ್ನು ಗುರುತಿಸಲು ಕಲಿಯಲಿಲ್ಲ. ವೈರಸ್ಸಿನ ಹೆಸರು ಯಾವುದೇ ಇರಲಿ, ಕೂಸಿನ ಎದೆಯಲ್ಲಿ ಅದು ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ.

ಆ ಕೆಲಸವಾವುದೆಂಬುದನ್ನು ತಾಯಂದಿರು ಅರಿಯಬೇಕು. ಕೂಸಿನ ಶ್ವಾಸನಾಳದ ಕೊನೆಯ ಕವಲುಗಳು ಅತಿ ಸೂಕ್ಷ್ಮವಾದವು. ಸೋಂಕಿನಿಂದ ಅವುಗಳ ಒಳಗೋಡೆ ಬಾತು, ಲೋಳೆ ತುಂಬಿ, ಗಾಳಿಯ ಸಂಚಾರಕ್ಕೆ ಅಡ್ಡಿಯಾಗುವುದು. ಇದನ್ನೇ ವೈದ್ಯರು ಬ್ರಾಂಕಿಯೋಲೈಟಿಸ್ ಎನ್ನುವರು. ದೊಡ್ಡವರ ನಾಳದಲ್ಲಿ ಅಷ್ಟೇ ಲೋಳೆಯು ಕೆಮ್ಮಿನೊಡನೆ ಹೊರಬೀಳುವುದು. ಕೂಸಿಗೆ ಕೆಮ್ಮಿ ಉಗುಳುವ ಬಲವಿಲ್ಲ. ಮೇಲಾಗಿ ಎಳೆಗೂಸು ಬಹುತರವಾಗಿ ಮೂಗಿನಿಂದಲೇ ಉಸಿರಾಡುವುದು. ಮೂಗು ಕಟ್ಟಿದರೆ ಮೊಲೆಯುಣ್ಣಲಾರದು. ಮೊದಲ ಎರಡು ಮೂರು ದಿನ ಮೂಗು ಸುರಿದು, ಸಣ್ಣ ಕೆಮ್ಮು ಕಾಣಿಸಿ, ಆಮೇಲೆ ರೋಗವು ಎದೆಗೆ ಇಳಿಯುವುದು. ಉಸಿರು ವೇಗವಾಗುವುದು, ಪಕ್ಕೆ ಸೆಳೆಯುವುದು. ದುಡಿದು ದುಡಿದು ಬಳಲಿದ ಕೂಸು ಕೊನೆಗೆ ಸುಮ್ಮನಾಗುವುದು. ಆ ಮೌನವನ್ನು ಗುಣವೆಂದು ತಿಳಿದು ಮನೆಯವರು ಸಮಾಧಾನಗೊಳ್ಳುವ ಹೊತ್ತೇ ಅತ್ಯಂತ ಅಪಾಯದ ಹೊತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೂ, ಹುಟ್ಟಿನಿಂದ ಹೃದಯದ ದೋಷವಿರುವ ಕೂಸುಗಳಿಗೂ ಈ ಅಪಾಯವು ಇಮ್ಮಡಿಯೆಂದು ತಿಳಿಯತಕ್ಕದ್ದು. ಅತಿ ಎಳೆಯ ಶಿಶುಗಳಲ್ಲಿ ಜ್ವರವು ಇಲ್ಲದೆಯೂ ಇರಬಹುದು, ಜ್ವರವಿಲ್ಲವೆಂದು ನಿಶ್ಚಿಂತರಾಗಲಾಗದು.

ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಾದರೂ ಉಸಿರೆಣಿಸಲು ಕಲಿತಿರತಕ್ಕದ್ದು. ಇದಕ್ಕೆ ಇಂಗ್ಲಿಷ್ ವಿದ್ಯೆ ಬೇಡ. ಸೆಕೆಂಡಿನ ಮುಳ್ಳಿರುವ ಗಡಿಯಾರವೂ ತಾಳ್ಮೆಯೂ ಸಾಕು. ಕೂಸು ಅಳದೆ ಶಾಂತವಾಗಿರುವಾಗ ಅಂಗಿಯನ್ನು ಮೇಲಕ್ಕೆ ಸರಿಸಿ, ಎದೆಹೊಟ್ಟೆಗಳ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಅದಕ್ಕೆ ಮೇಲೆ, ಎರಡು ತಿಂಗಳಿಂದ ಹನ್ನೆರಡು ತಿಂಗಳವರೆಗೆ 50 ಅಥವಾ ಮೇಲೆ, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಮೇಲೆ ಇದ್ದರೆ ಅದು ವೇಗದ ಉಸಿರು, ವೈದ್ಯರಿಗೆ ತೋರಿಸಲೇಬೇಕು. ಉಸಿರೆಳೆದುಕೊಳ್ಳುವಾಗ ಪಕ್ಕೆಯ ಕೆಳಭಾಗವು ಒಳಕ್ಕೆ ಸೆಳೆದರೆ, ಮೂಗಿನ ಹೊಳ್ಳೆಗಳು ಅರಳಿದರೆ, ನರಳುವ ಶಬ್ದ ಕೇಳಿಸಿದರೆ, ತುಟಿಯೋ ನಾಲಗೆಯೋ ನೀಲಿಗಟ್ಟಿದರೆ, ಮೊಲೆಯುಣ್ಣುವುದನ್ನು ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಉಸಿರು ನಡುನಡುವೆ ನಿಂತರೆ, ಎಣಿಕೆಗೂ ಕಾಯದೆ ಹೊರಡತಕ್ಕದ್ದು.

ಇನ್ನು ಈ ಉಪನ್ಯಾಸದ ಮುಖ್ಯ ವಿಷಯಕ್ಕೆ ಬರಬೇಕಾಗಿದೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣಧರ್ಮವು ಅಂಗೀಕರಿಸುವುದಿಲ್ಲ. ಲಿಂಗವಂತರ ಮನೆಯಲ್ಲಿ ಕೂಸು ಹುಟ್ಟಿದರೆ ಮೈಲಿಗೆಯಿಲ್ಲ, ಬಾಣಂತಿಯು ಅಸ್ಪೃಶ್ಯಳಲ್ಲ. ಸ್ತ್ರೀಯರ ಮಾನವನ್ನು ಎತ್ತಿಹಿಡಿದ ಈ ತತ್ತ್ವವು ಲೋಕಕ್ಕೆ ಆದರ್ಶವಾದುದು. ಆದರೆ ಇದರ ಮರೆಯಲ್ಲಿ ಒಂದು ಅವಿಚಾರವು ಬೆಳೆದಿರುವುದನ್ನು ಮರೆಮಾಚಬಾರದು. ಸೂತಕವಿಲ್ಲವೆಂದಮೇಲೆ ಬಂಧುಗಳು ಬರಬಹುದು, ನೆರೆಹೊರೆಯವರು ಬರಬಹುದು, ಕೂಸನ್ನು ಕೈಯಿಂದ ಕೈಗೆ ದಾಟಿಸಬಹುದು, ಕೆನ್ನೆಗೂ ತುಟಿಗೂ ಮುತ್ತಿಡಬಹುದು ಎಂಬ ಭಾವನೆಯು ಬೇರೂರಿದೆ. ಮೂಗು ಸುರಿಯುತ್ತಿರುವ ಚಿಕ್ಕಮ್ಮನನ್ನು ತೊಟ್ಟಿಲಿನಿಂದ ದೂರವಿರೆಂದರೆ ಅವಮಾನವಾಯಿತೆಂದು ಆಕೆಯ ಮನಸ್ಸು ನೋಯುವುದು. ಸೊಸೆಯಾದವಳು ಅತ್ತೆಯ ಕಡೆಯ ನೆಂಟರಿಗೆ ಆ ಮಾತನ್ನು ಹೇಳಲಾರಳು.

ಸೂತಕವೇ ಬೇರೆ, ಸೋಂಕೇ ಬೇರೆ. ಸೂತಕವು ಮನುಷ್ಯರು ಕಲ್ಪಿಸಿದುದು. ಅದನ್ನು ಶರಣರು ಕಿತ್ತೆಸೆದರು. ಸೋಂಕು ಪ್ರಕೃತಿಯಲ್ಲಿ ಇರುವುದು. ಅದು ಕುಲವನ್ನೂ ಕೇಳದು, ಲಾಂಛನವನ್ನೂ ನೋಡದು. ಸೂತಕವು ಬಾಣಂತಿಯನ್ನು ದೂಷಿಸಿತು; ಸೋಂಕಿನ ಎಚ್ಚರವಾದರೋ ಬಂದವರನ್ನು ತಡೆದು ಬಾಣಂತಿಯನ್ನು ಕಾಯುವುದು. ಎರಡಕ್ಕೂ ಇರುವ ಅಂತರವನ್ನು ಮನೆಯ ಯಜಮಾನನೂ ಹಿರಿಯ ಮುತ್ತೈದೆಯೂ ಅರಿತು, ಸೊಸೆಯ ಪರವಾಗಿ ತಾವೇ ಮಾತನಾಡತಕ್ಕದ್ದು. ಲಿಂಗಧಾರಣೆಗೆ ದಯಮಾಡಿಸುವ ಜಂಗಮಮೂರ್ತಿಗಳಿಗೆ ಕೆಮ್ಮುನೆಗಡಿಗಳಿದ್ದಲ್ಲಿ ಅವರೂ ದಿನವನ್ನು ಮುಂದೂಡುವುದು ಲೇಸು. ಸಂಸ್ಕಾರಕ್ಕೆ ಗುರುವೂ ತಾಯಿತಂದೆಗಳೂ ಇದ್ದರೆ ಸಾಕು. ಊರೆಲ್ಲ ಕೂಡಬೇಕೆಂಬ ವಿಧಿಯಿಲ್ಲ. ಎಳೆಗೂಸುಗಳನ್ನು ಜಾತ್ರೆಯ ಜನಜಂಗುಳಿಗೆ ತಂದು ಪಾದಕ್ಕೆ ಹಾಕಬೇಕೆಂಬ ಆತುರವೂ ಬೇಡ. ಮನೆಯಲ್ಲಿಯೇ ಇದ್ದ ಮಾತ್ರಕ್ಕೆ ಕೂಸಿಗೆ ಗುರುಕೃಪೆ ತಪ್ಪಿಹೋಗದು.

ಈ ಮಾತು ಕಠಿಣವೆಂದು ತೋರಿದರೆ ರೇಷ್ಮೆ ಸಾಕುವವರ ಮನೆಯನ್ನು ನೋಡಬಹುದು. ಕನಕಪುರ, ರಾಮನಗರಗಳ ರೈತರು ಚಾಕಿ ಹುಳುಗಳನ್ನು ಹೇಗೆ ಕಾಯುವರು? ಹುಳು ಮನೆಯನ್ನು ಮೊದಲೇ ತೊಳೆದು, ಸೋಂಕು ನಿವಾರಕವನ್ನು ಸಿಂಪಡಿಸುವರು. ಕೈಕಾಲು ತೊಳೆಯದೆ ಒಳಗೆ ಕಾಲಿಡರು, ಹೊರಗಿನವರನ್ನು ಬಿಟ್ಟುಕೊಳ್ಳರು. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟುಗಳ ಭಯವು ಅವರಿಗೆ ಚೆನ್ನಾಗಿ ಗೊತ್ತು. ಮೊದಲ ಎರಡು ಜ್ವರಗಳವರೆಗೆ ಹುಳು ಅತಿ ನಾಜೂಕು, ಆ ಕಾಲದ ತಪ್ಪು ಗೂಡಿನ ಕಾಲಕ್ಕೆ ಫಲಿಸುವುದೆಂದು ಹೇಳುವರು. ಬೀಗರೇ ಬಂದು ಹುಳು ನೋಡಬೇಕೆಂದರೂ ಬಾಗಿಲಲ್ಲೇ ನಿಲ್ಲಿಸುವ ಆ ರೈತನು ತನ್ನ ಮೊಮ್ಮಗುವನ್ನು ನೋಡಲು ಬಂದ ಕೆಮ್ಮಿನವನನ್ನು ಮಾತ್ರ ಒಳಕ್ಕೆ ಕರೆದು ಕೂರಿಸುವನು! ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಮಹಾಶಯನು 1865ರಿಂದ ಹಲವು ವರ್ಷ ರೇಷ್ಮೆಹುಳುವಿನ ರೋಗಗಳನ್ನೇ ಪರಿಶೋಧಿಸಿ, ಸೋಂಕು ಹರಡುವ ಬಗೆಯನ್ನು ಲೋಕಕ್ಕೆ ತೋರಿಸಿಕೊಟ್ಟನು. ಹುಳುವಿನಿಂದ ಮನುಷ್ಯರು ಕಲಿತ ಪಾಠವನ್ನು ಈ ಸೀಮೆಯವರು ತೊಟ್ಟಿಲಿಗೂ ಅನ್ವಯಿಸಿಕೊಂಡರೆ ಸಾಕು.

ಬಾಣಂತಿಯ ಕೋಣೆಯ ಕೆಲವು ವಾಡಿಕೆಗಳನ್ನೂ ವಿಚಾರಿಸಬೇಕಾಗಿದೆ. ಹಿಂದಿನವರು ಬಾಣಂತಿಯನ್ನೂ ಕೂಸನ್ನೂ ಪ್ರತ್ಯೇಕವಾಗಿ ಇರಿಸುತ್ತಿದ್ದುದರಿಂದ ಸೋಂಕಿನ ಮಟ್ಟಿಗೆ ಉಪಕಾರವೇ ಆಗುತ್ತಿತ್ತು. ಅದೇ ಕೋಣೆಯ ಕಿಟಕಿಯನ್ನು ಮುಚ್ಚಿ, ಕೆಂಡ ಹಾಕಿ, ಹೊಗೆ ತುಂಬುತ್ತಿದ್ದುದರಿಂದ ಅಪಕಾರವೂ ಆಗುತ್ತಿತ್ತು. ಎರೆದ ಮೇಲೆ ಕೂಸನ್ನು ಸಾಂಬ್ರಾಣಿಯ ಹೊಗೆಯ ಮೇಲೆ ಹಿಡಿಯುವುದು ಇಂದಿಗೂ ನಡೆದಿದೆ. ಹೊಗೆಯು ಯಾವುದೇ ಆಗಲಿ, ಸಾಂಬ್ರಾಣಿಯದಾಗಲಿ, ಸೌದೆಯ ಒಲೆಯದಾಗಲಿ, ನೂಲು ಬಿಚ್ಚುವ ಕಾರ್ಖಾನೆಯ ಬಾಯ್ಲರಿನದಾಗಲಿ, ಬೀಡಿಯದಾಗಲಿ, ಎಳೆಯ ಶ್ವಾಸಕೋಶಕ್ಕೆ ಕೆಡುಕೇ. ದೇವರ ಕೋಣೆಯಲ್ಲಿ ಧೂಪವಿರಲಿ. ತೊಟ್ಟಿಲ ಬಳಿಯಲ್ಲಿ ಬೇಡ. ಮೂಗಿಗೆ ಎಣ್ಣೆ ಬಿಡುವುದರಿಂದ ಆ ಎಣ್ಣೆಯು ಶ್ವಾಸಕೋಶಕ್ಕಿಳಿದು ಬೇರೊಂದು ರೋಗವನ್ನು ಉಂಟುಮಾಡಬಹುದು. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲಾಗದು. ಪಕ್ಕೆ ಸೆಳೆಯುವ ಕೂಸಿಗೆ ಬರೆ ಹಾಕುವುದಂತೂ ಘೋರಕೃತ್ಯ. ಉಸಿರಿಗಾಗಿ ಒದ್ದಾಡುವ ಜೀವಕ್ಕೆ ಬೆಂಕಿಯ ನೋವನ್ನೂ ಸೇರಿಸಿ, ಆಸ್ಪತ್ರೆಗೆ ಸೇರುವ ಅಮೂಲ್ಯ ಹೊತ್ತನ್ನು ಅದು ಕಳೆಯುವುದು. ಅಂಗಡಿಯಿಂದ ಕೆಮ್ಮಿನ ಸಿರಪ್ಪನ್ನು ತಂದು ಕುಡಿಸುವುದೂ ತರವಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾ ಜಿಲ್ಲೆಯಲ್ಲಿ ದೂಷಿತವಾದ ಸಿರಪ್ಪಿನಿಂದ ಅನೇಕ ಮಕ್ಕಳು ಮೃತರಾದ ಬಳಿಕ, ಎರಡು ವರ್ಷದೊಳಗಿನ ಮಕ್ಕಳಿಗೆ ಅಂತಹ ಔಷಧವನ್ನು ಕೊಡಲಾಗದೆಂದು ಕೇಂದ್ರ ಸರಕಾರವು ಸೂಚಿಸಿರುವುದು.

ಹಿಂದಿನವರೆಲ್ಲ ಹೀಗೆಯೇ ಬೆಳೆದರಲ್ಲವೇ ಎಂದು ಆಕ್ಷೇಪಿಸುವವರು ಉಂಟು. ಬೆಳೆದವರು ಇಂದು ಮಾತನಾಡುವರು; ಬೆಳೆಯದೆ ಹೋದವರು ಮಾತನಾಡಲಾರರು. ಹಿಂದಿನ ತಲೆಯ ಮುತ್ತಜ್ಜಿಯರು ಹೆತ್ತದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಮನೆಮನೆಯಲ್ಲಿ ವಿಚಾರಿಸಿದರೆ ಈ ಆಕ್ಷೇಪಕ್ಕೆ ಉತ್ತರವು ದೊರೆಯುವುದು.

ಆಸ್ಪತ್ರೆಯಲ್ಲಿ ನಡೆಯುವುದೇನೆಂದು ಅರಿಯದೆ ಹೆದರುವವರೂ ಉಂಟು. ಅಲ್ಲಿ ಮೂಗನ್ನು ಶುದ್ಧಿಮಾಡುವರು, ಆಮ್ಲಜನಕವನ್ನು ಕೊಡುವರು, ಉಣ್ಣಲಾರದ ಕೂಸಿಗೆ ಸಣ್ಣ ಕೊಳವೆಯಿಂದ ಹಾಲನ್ನೋ, ನಾಳದ ಮೂಲಕ ದ್ರವವನ್ನೋ ಕೊಟ್ಟು ಕಾಯುವರು. ವೈರಸ್ಸಿನಿಂದ ಬಂದ ರೋಗಕ್ಕೆ ಆಂಟಿಬಯಾಟಿಕ್ ಔಷಧಗಳು ನಾಟುವುದಿಲ್ಲ. ಸೂಜಿ ಹಾಕಲಿಲ್ಲವೆಂದು ವೈದ್ಯರನ್ನು ಹಳಿಯುವುದು ಸಲ್ಲದು. ಸಕಾಲದಲ್ಲಿ ಬಂದ ಕೂಸುಗಳಲ್ಲಿ ಬಹುಪಾಲು ಕೆಲವೇ ದಿನಗಳಲ್ಲಿ ಮನೆಗೆ ಮರಳುವುವು. ಜಿಲ್ಲೆಯ ಆಸ್ಪತ್ರೆಯು ರಾಮನಗರದಲ್ಲಿಯೂ, ತಾಲ್ಲೂಕು ಆಸ್ಪತ್ರೆಗಳು ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿಯೂ ಇರುವುವು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ, 1935ರಿಂದ ತಾಯಿಮಕ್ಕಳನ್ನು ಪೊರೆಯುತ್ತಿರುವ ವಾಣಿವಿಲಾಸ ಆಸ್ಪತ್ರೆಯೂ ಉಂಟು. 108ರ ವಾಹನವು 2008ರಿಂದ ಕರ್ಣಾಟಕದಲ್ಲಿ ನಡೆದಿದೆ. ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು 3, 7, 14, 21, 28, 42ನೆಯ ದಿನಗಳಲ್ಲಿ ಮನೆಗೆ ಬಂದು ನೋಡತಕ್ಕವರು. ಅವರನ್ನು ಬಾಗಿಲಲ್ಲಿ ನಿಲ್ಲಿಸದೆ, ಉಸಿರೆಣಿಸುವುದನ್ನು ಅವರಿಂದಲೇ ಕಲಿಯಬಹುದು.

ರಕ್ಷಣೆಯ ಮಾರ್ಗಗಳಲ್ಲಿ ಮೊದಲನೆಯದು ತಾಯಿಯ ಹಾಲು. ಆರು ತಿಂಗಳವರೆಗೆ ಅದೊಂದೇ ಆಹಾರ, ಅದೊಂದೇ ನೀರು. ಎರಡನೆಯದು ಲಸಿಕೆ. ನ್ಯುಮೋಕಾಕಸ್ ಎಂಬ ಕ್ರಿಮಿಯಿಂದ ಬರುವ ನ್ಯುಮೋನಿಯಾದ ಲಸಿಕೆಯು 2021ರಿಂದ ದೇಶದಾದ್ಯಂತ ಉಚಿತವಾಗಿ ದೊರೆಯುತ್ತಿದೆ. ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು ಎಂದು ಮೂರು ಸಲ ಅದನ್ನು ಹಾಕಿಸಬೇಕು. ಆರ್.ಎಸ್.ವಿ.ಗಾದರೋ 2023ರಲ್ಲಿ ಗರ್ಭಿಣಿಯರಿಗೆ ಕೊಡುವ ಲಸಿಕೆಯು ಅಮೆರಿಕ, ಯೂರೋಪುಗಳಲ್ಲಿ ಅಂಗೀಕೃತವಾಯಿತು. ತಾಯಿಗೆ ಕೊಟ್ಟ ಮದ್ದು ಗರ್ಭದಲ್ಲಿರುವ ಕೂಸಿಗೆ ಕವಚವಾಗುವುದು. ಕೂಸಿಗೇ ಕೊಡುವ ನಿರ್ಸೆವಿಮ್ಯಾಬ್ ಎಂಬ ಇನ್ನೊಂದು ಮದ್ದೂ ಉಂಟು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಾಯಗಳನ್ನು ಎಲ್ಲ ದೇಶಗಳಿಗೂ ಶಿಫಾರಸು ಮಾಡಿತು. ಇವು ಬಡವರ ತೊಟ್ಟಿಲಿಗೂ ನಿಲುಕುವಂತಾಗಲೆಂಬುದು ಎಲ್ಲರ ಪ್ರಾರ್ಥನೆಯಾಗಬೇಕು. ಅಲ್ಲಿಯವರೆಗೆ ತೊಳೆದ ಕೈ, ಹೊಗೆಯಿಲ್ಲದ ಕೋಣೆ, ಕೆಮ್ಮುವವರು ದೂರವಿರುವ ಸಂಯಮ ಇವೇ ಬಡವರ ಲಸಿಕೆ.

ಸದ್ಭಕ್ತರೇ, ಮಹಾಮಾರಿಯ ಕಾಲದಲ್ಲಿ ಎಲ್ಲರೂ ತಮ್ಮತಮ್ಮ ಪ್ರಾಣಭಯದಿಂದ ಕೈತೊಳೆದರು, ಬಾಯಿಗೆ ಬಟ್ಟೆ ಕಟ್ಟಿದರು, ಅಂತರವನ್ನು ಕಾಯ್ದುಕೊಂಡರು. ಭಯವು ಹೋದೊಡನೆ ಅಭ್ಯಾಸವೂ ಹೋಯಿತು. ತನ್ನ ಪ್ರಾಣಕ್ಕಾಗಿ ಎರಡು ವರ್ಷ ಪಾಲಿಸಿದ ನಿಯಮವನ್ನು ಒಂದು ಕೂಸಿನ ಪ್ರಾಣಕ್ಕಾಗಿ ಆರು ತಿಂಗಳು ಪಾಲಿಸುವುದು ಅಸಾಧ್ಯವೇ? ಭಯದಿಂದ ಮಾಡಿದುದನ್ನು ದಯೆಯಿಂದ ಮಾಡಿದರೆ ಅದೇ ವ್ರತವಾಗುವುದು. ಈ ಮಹೋತ್ಸವದಿಂದ ಊರಿಗೆ ಮರಳುವ ಪ್ರತಿಯೊಬ್ಬ ಭಕ್ತನೂ ಮನೆಯಲ್ಲಿ ಎಳೆಗೂಸಿದ್ದರೆ ಮೊದಲು ಕೈತೊಳೆದು, ಬಟ್ಟೆ ಬದಲಿಸಿ, ಆಮೇಲೆ ತೊಟ್ಟಿಲ ಬಳಿಗೆ ಹೋಗಲಿ. ನೆಗಡಿಯಾಗಿದ್ದರೆ ದೂರದಿಂದಲೇ ಹರಸಲಿ.

ನಾಲ್ಕೂ ತಾಲ್ಲೂಕುಗಳ ತೊಟ್ಟಿಲುಗಳಲ್ಲಿರುವ ಕೂಸುಗಳು ನಿರಾಳವಾಗಿ ಉಸಿರಾಡುತ್ತ ನೂರ್ಕಾಲ ಬಾಳಲೆಂದು ಶ್ರೀಗುರುವಿನ ಸನ್ನಿಧಿಯಲ್ಲಿ ಪ್ರಾರ್ಥನೆ.

ಸನ್ಮಂಗಳಾನಿ ಭವಂತು.